ಒಂಬತ್ತಿಲ್ಲದ ಟ್ಯಾಬ್

ಜುಲೈ ೪

ಅಕ್ಕಾ,

ನೀನು ಆ ಶಾಲೆಗೆ ಸೇರಿದ ಮೇಲೆ ಅಲ್ಲಿಂದ ಬಂದ ಮೊದಲ ಪೆಟ್ಟಿಗೆ ಇವತ್ತು ತಲುಪಿತು. ಬಸ್ಸಿನ ಕಂಡಕ್ಟರ್ ಅದನ್ನು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕಿ, "ಏನ್ರೀ ಇದು, ಕಲ್ಲು ತುಂಬಿದ್ದಾರಾ?" ಎಂದು ಕೇಳಿದ. "ಇಲ್ಲ, ವಿದ್ಯೆ. ಕೆಟ್ಟು ಬಂದಿದೆ" ಎಂದೆ. ಅವನಿಗೆ ನಗು ಬರಲಿಲ್ಲ. ನಿನಗೂ ಬರುವುದಿಲ್ಲ ಎಂದು ಗೊತ್ತು.

ಕಾಗದ ನೋಡಿ ಗಾಬರಿಯಾಗಬೇಡ, ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಬೆಟ್ಟದ ಮೇಲಿನ ಊರಿಗೆ ಫೋನ್ ಮಾಡುವುದೆಂದರೆ ಬಾವಿಗೆ ಬಿದ್ದವಳ ಜೊತೆ ಮಾತಾಡಿದ ಹಾಗೆ. ನಾನು ಕೂಗುವುದು, ನೀನು "ಹಾಂ? ಹಾಂ?" ಅನ್ನುವುದು. ಹೇಗೂ ರಿಪೇರಿಯ ಪೆಟ್ಟಿಗೆ ನಿನ್ನ ಶಾಲೆಗೂ ನಮ್ಮ ಅಂಗಡಿಗೂ ಓಡಾಡುತ್ತದೆ. ಥರ್ಮಾಕೋಲಿನ ಕೆಳಗೆ ಒಂದು ಕಾಗದ ಇಟ್ಟರೆ ಬಸ್ಸೇನೂ ಬಗ್ಗಿಹೋಗುವುದಿಲ್ಲ. ನೀನೂ ಹಾಗೇ ಮಾಡು.

ನಿನ್ನ ಒಂಬತ್ತು ಟ್ಯಾಬ್‌ಗಳ ಪೋಸ್ಟ್‌ಮಾರ್ಟಂ ವರದಿ ಕೇಳು. ಒಂದರ ಚಾರ್ಜಿಂಗ್ ತೂತಿನಲ್ಲಿ ಸೀಮೆಸುಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು. ಒಂದರ ಸ್ಪೀಕರಿನಲ್ಲಿ ಇರುವೆಗಳು ಸಂಸಾರ ಹೂಡಿದ್ದವು, ಮೊಟ್ಟೆ ಸಮೇತ. ಇನ್ನೊಂದರ ಪರದೆಯ ಮೇಲೆ ಯಾರೋ ಪೆನ್ನಿನಲ್ಲಿ ಭಾಗಾಕಾರ ಮಾಡಿದ್ದಾರೆ. ಲೆಕ್ಕ ಸರಿಯಾಗಿದೆ, ಅಳಿಸಲು ಮನಸ್ಸಾಗಲಿಲ್ಲ. ಅಳಿಸಿದೆ.

ಪ್ರತಿ ಟ್ಯಾಬಿಗೂ ಒಂದು ಕಾರ್ಡ್ ಇರುತ್ತದೆ: ನಂಬರು, ದೂರು, ಕೆಟ್ಟ ಕಾರಣ, ಮಾಡಿದ ಕೆಲಸ, ಸಹಿ. "ಕಾರಣ" ಎಂಬಲ್ಲಿ ನಾನು "ಇರುವೆ ಸಂಸಾರ" ಎಂದು ಬರೆದದ್ದಕ್ಕೆ ಚಿಕ್ಕಪ್ಪ ತಲೆ ಚಚ್ಚಿಕೊಂಡರು. ಅವರು ನಮಗೆ ಚಿಕ್ಕಪ್ಪ ಅಲ್ಲ, ಅಂಗಡಿ ಯಜಮಾನರು. ಇಡೀ ಬೀದಿ ಹಾಗೆ ಕರೆಯುತ್ತದೆ, ನಾನೂ ಕರೆಯುತ್ತೇನೆ. "ತೇವಾಂಶ ಅಂತ ಬರಿಯಮ್ಮಾ! ತೇವಾಂಶಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ, ಯಾರ ಮನೆಗೂ ಜಗಳ ಹೋಗಲ್ಲ" ಎಂದರು. ನಾನು ಬದಲಾಯಿಸಲಿಲ್ಲ. ಅಮ್ಮನಿಗೆ ಹೇಳಿದರೆ, "ಇವಳ ಬಾಯಿಗೆ ಬೀಗ ಮಾಡೋ ಅಂಗಡಿ ಇನ್ನೂ ಯಾರೂ ತೆರೆದಿಲ್ಲ" ಎಂದಳು.

ಟ್ಯಾಬ್ ಬಂದ ಮೇಲೆ ನಿನ್ನ ಮಕ್ಕಳು ನಿಜಕ್ಕೂ ಕಲಿಯುತ್ತಿದ್ದಾರಾ? ವರದಿಗೆ ಬರೆಯುವ ಉತ್ತರ ಬೇಡ, ನನಗೆ ಹೇಳುವ ಉತ್ತರ ಬೇಕು.

ನಿನ್ನ ಸೂಜಿ


ಜುಲೈ ೧೪

ಸೂಜಿ,

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಆದರೂ ಎರಡು ಸಲ ಓದಿದೆ.

ನೀನು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ: ಹೌದು, ಕಲಿಯುತ್ತಿದ್ದಾರೆ. ನಾಲ್ಕನೇ ತರಗತಿಯಲ್ಲಿ ನಲವತ್ತು ಮಕ್ಕಳು, ನಾನು ಒಬ್ಬಳು. ಮೊದಲಾದರೆ ಜೋರಾಗಿ ಕೈ ಎತ್ತುವ ಐದು ಜನಕ್ಕೆ ಮಾತ್ರ ಪಾಠ ಆಗುತ್ತಿತ್ತು. ಈಗ ಪ್ರತಿಯೊಬ್ಬರೂ ತಮ್ಮ ಟ್ಯಾಬಿನಲ್ಲಿ ತಮ್ಮ ವೇಗಕ್ಕೆ ಲೆಕ್ಕ ಮಾಡುತ್ತಾರೆ. ಸತತವಾಗಿ ಹತ್ತು ಸರಿಯಾದರೆ ಟ್ಯಾಬ್ ಮೇಲಿನ ಮೆಟ್ಟಿಲಿಗೆ ಹತ್ತಿಸುತ್ತದೆ, ತಪ್ಪಿದರೆ ಕೆಳಗಿನ ಸುಲಭದ ಲೆಕ್ಕಕ್ಕೆ ಇಳಿಸುತ್ತದೆ. ಬಾಯಿ ತೊದಲುವ ಒಬ್ಬ ಹುಡುಗ ಇದ್ದಾನೆ. ಮೂರು ವರ್ಷ ಅವನಿಗೆ ಏನೂ ಬರುವುದಿಲ್ಲ ಎಂದುಕೊಂಡಿದ್ದರಂತೆ. ಈಗ ತರಗತಿಗೇ ಮೊದಲು. ಟ್ಯಾಬಿಗೆ ಬಾಯಿ ಬೇಕಾಗಿಲ್ಲವಲ್ಲ.

ಇಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಬಳಿ ಮಾತ್ರ. ಶುಕ್ರವಾರ ನಾನು ಮತ್ತು ದೊಡ್ಡ ಮೇಡಂ ನಲವತ್ತು ಟ್ಯಾಬ್‌ಗಳನ್ನು ಎರಡು ಬುಟ್ಟಿಗೆ ತುಂಬಿಕೊಂಡು ಅಲ್ಲಿಗೆ ಹೋಗಿ, ಅಂಕಗಳನ್ನು ಮೇಲಿನ ಕಚೇರಿಗೆ ಕಳಿಸಿ ಬರುತ್ತೇವೆ. ದಾರಿಯಲ್ಲಿ ಸಿಕ್ಕವರು "ಏನ್ ಮೇಡಂ, ತರಕಾರಿ ಮಾರೋಕೆ ಹೊರಟ್ರಾ?" ಎನ್ನುತ್ತಾರೆ. ದೊಡ್ಡ ಮೇಡಂ ನಗುವುದಿಲ್ಲ. ಅವರಿಗೆ ಅಂಕವೆಂದರೆ ಪ್ರಾಣ. ನಾನು ಖಾಯಂ ಆಗಲು ಇನ್ನೂ ಐದು ತಿಂಗಳು ಇದೆ. ನನ್ನ ಬಗ್ಗೆ ಅವರು ಬರೆಯುವುದೂ ಆ ಅಂಕಗಳನ್ನು ನೋಡಿಯೇ.

ಈ ಪೆಟ್ಟಿಗೆಯಲ್ಲಿ ಐದು ಇವೆ. ಅದರಲ್ಲಿ ೨೩ನೇ ನಂಬರು ಚಾರ್ಜ್ ಹಿಡಿಯುವುದಿಲ್ಲ. ಅದನ್ನು ಬಳಸುವ ಹುಡುಗಿಯನ್ನು ನಾನು ಮನಸ್ಸಿನಲ್ಲಿ ಕಿಟಕಿ ಹುಡುಗಿ ಎನ್ನುತ್ತೇನೆ. ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿರುತ್ತಾಳೆ. ಟ್ಯಾಬ್ ಪ್ರಕಾರ ಅವಳು ಒಂದನೇ ತರಗತಿಯ ಲೆಕ್ಕವನ್ನೂ ದಾಟಿಲ್ಲ. ಬಾಯಲ್ಲಿ ಕೇಳಿದರೆ ಕೆಲವೊಮ್ಮೆ ಸರಿ ಹೇಳಿಬಿಡುತ್ತಾಳೆ, ಪಕ್ಕದವರನ್ನು ಕೇಳಿ. ಇಂಥ ಮಕ್ಕಳಿಗೆಂದೇ ಇಲ್ಲಿ ಹಿಂದಿನ ಕೋಣೆ ಎಂದಿದೆ. ಅಲ್ಲಿಗೆ ಹೋದವರು ಮತ್ತೆ ಮುಂದಿನ ತರಗತಿಗೆ ಬಂದದ್ದು ಕಡಿಮೆ. ಬಣ್ಣ ಹಚ್ಚುತ್ತಾ, ಗಿಡಕ್ಕೆ ನೀರು ಹಾಕುತ್ತಾ ವರ್ಷ ಕಳೆಯುತ್ತದೆ. ನನಗೂ ಇಷ್ಟವಿಲ್ಲ. ಆದರೆ ನಲವತ್ತು ಜನರಲ್ಲಿ ಒಬ್ಬಳನ್ನು ಎಷ್ಟು ಎಳೆಯಲಿ?

ನಿನ್ನ ಹತ್ತನೇ ತರಗತಿಯ ಖಾಸಗಿ ಪರೀಕ್ಷೆಯ ಅರ್ಜಿ ಇದರ ಜೊತೆ ಇಟ್ಟಿದ್ದೇನೆ. ಹರಿದು ಹಾಕಬೇಡ.

ಅಕ್ಕ


ಜುಲೈ ೨೨

ಅಕ್ಕಾ,

ಅರ್ಜಿ ಹರಿದಿಲ್ಲ. ತುಂಬಿಯೂ ಇಲ್ಲ. ಅದು ಹಾಗಿರಲಿ, ಈಗ ಗಮನ ಕೊಟ್ಟು ಓದು.

೨೩ರ ಚಾರ್ಜಿಂಗ್ ತೂತು ಬದಲಾಯಿಸಲು ಕಾಲು ಗಂಟೆಯೂ ಬೇಕಾಗಲಿಲ್ಲ. ಮುಚ್ಚುವ ಮೊದಲು ಪಾಠ ತೆರೆದು ಒಂದು ಲೆಕ್ಕ ಮಾಡಿ ನೋಡುವುದು ನನ್ನ ಅಭ್ಯಾಸ. ಐದು ಕೂಡಿಸು ನಾಲ್ಕು ಬಂತು. ಒಂಬತ್ತು ಒತ್ತಿದೆ. ಏನೂ ಆಗಲಿಲ್ಲ. ಬೆರಳಿಗೆ ಎಣ್ಣೆ ಮೆತ್ತಿರಬೇಕು ಎಂದು ಅಂಗಿಗೆ ಒರೆಸಿ ಮತ್ತೆ ಒತ್ತಿದೆ. ಇಲ್ಲ. ಎಂಟು ಬರುತ್ತದೆ, ಏಳು ಬರುತ್ತದೆ, ಆರೂ ಬರುತ್ತದೆ. ಒಂಬತ್ತು ಮಾತ್ರ ಸತ್ತಿದೆ. ಪರದೆಯ ಬಲ ಅಂಚಿನಲ್ಲಿ, ಮೇಲಿನ ಮೂಲೆಗಿಂತ ತುಸು ಕೆಳಗೆ, ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಸ್ಪರ್ಶವೇ ಇಲ್ಲ. ಆ ಪಾಠದಲ್ಲಿ ಒಂಬತ್ತು ಕೂತಿರುವುದು ಸರಿಯಾಗಿ ಅಲ್ಲೇ.

ಆಗ ಅವಳ ಹಳೆಯ ಉತ್ತರಗಳ ಪಟ್ಟಿ ತೆರೆದೆ. ಜೂನ್‌ನಿಂದ ಇನ್ನೂರ ಹನ್ನೆರಡು ಉತ್ತರಗಳಿವೆ. ಇನ್ನೂರ ಹನ್ನೆರಡರಲ್ಲಿ ಒಂದು ಕಡೆಯೂ ಒಂಬತ್ತು ಇಲ್ಲ, ಅಕ್ಕಾ. ಮನುಷ್ಯರಾದವರು ಲೆಕ್ಕ ಮಾಡಿದರೆ ಒಂಬತ್ತಿಲ್ಲದೆ ಅಷ್ಟು ದೂರ ಬರಲು ಸಾಧ್ಯವಾ?

ಇನ್ನೂ ಇದೆ. ಚಹಾ ತಣ್ಣಗಾಗುವವರೆಗೆ ಪೆನ್ಸಿಲ್ ಹಿಡಿದು ಕೂತೆ. ಐವತ್ತೆಂಟು ಉತ್ತರ ತಪ್ಪು ಎಂದು ಟ್ಯಾಬ್ ಗುರುತು ಹಾಕಿದೆ. ನಲವತ್ತೊಂಬತ್ತು ಬರಬೇಕಾದಲ್ಲಿ ಅವಳು ನಲವತ್ತೆಂಟು ಬರೆದಿದ್ದಾಳೆ. ತೊಂಬತ್ತಕ್ಕೆ ಎಂಬತ್ತು. ತೊಂಬತ್ತೊಂಬತ್ತಕ್ಕೆ ಎಂಬತ್ತೆಂಟು. ಆ ಎಂಟುಗಳನ್ನು ಒಂಬತ್ತು ಎಂದು ಓದಿದರೆ ಐವತ್ತೈದು ಸರಿ. ನಿಜವಾಗಿ ತಪ್ಪಿರುವುದು ಮೂರು!

ಅವಳು ಶುರು ಮಾಡಿದ್ದು ಮೂರಂಕಿಯ ಲೆಕ್ಕದಿಂದ. ಒಂಬತ್ತು ಬಂದಲ್ಲೆಲ್ಲ ಟ್ಯಾಬ್ ಅವಳನ್ನು ಒಂದು ಮೆಟ್ಟಿಲು ಕೆಳಗೆ ತಳ್ಳಿದೆ. ತಳ್ಳಿ ತಳ್ಳಿ ಐದು ಕೂಡಿಸು ನಾಲ್ಕಕ್ಕೆ ತಂದು ನಿಲ್ಲಿಸಿದೆ. ಅಲ್ಲೂ ಹತ್ತು ಲೆಕ್ಕದಲ್ಲಿ ಒಂದಕ್ಕಾದರೂ ಉತ್ತರ ಒಂಬತ್ತು. ಸತತ ಹತ್ತು ಸರಿ ಮಾಡಿ ಅವಳು ಮೇಲೆ ಹತ್ತುವುದು ಹೇಗೆ? ಕೊನೆಯ ಹನ್ನೊಂದು ದಿನ ಆ ಹುಡುಗಿ ಅದೇ ಮೆಟ್ಟಿಲ ಮೇಲೆ ಕೂತಿದ್ದಾಳೆ. ದಿನಾ ಐದು ಕೂಡಿಸು ನಾಲ್ಕು ಕೇಳುತ್ತಾರೆ, ದಿನಾ ಎಂಟು ಒತ್ತುತ್ತಾಳೆ. ನಾನಾಗಿದ್ದರೆ ಎರಡನೇ ದಿನವೇ ಆ ಟ್ಯಾಬನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದೆ.

ಪ್ಯಾನಲ್ ಕೆಟ್ಟಿದೆ, ಅಂದರೆ ಬೆರಳ ಸ್ಪರ್ಶ ಹಿಡಿಯುವ ಪರದೆ. ೨೩ನ್ನು ಕಳಿಸುತ್ತಿಲ್ಲ, ಉಳಿದ ನಾಲ್ಕು ಇದರ ಜೊತೆ ಇವೆ. ಅವಳನ್ನು ಹಿಂದಿನ ಕೋಣೆಗೆ ಹಾಕಬೇಡ. ಹಾಕಿದ್ದರೆ ವಾಪಸ್ ಕರೆ.

ಸೂಜಿ


ಆಗಸ್ಟ್ ೧

ಸೂಜಿ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಇಳಿಯಲಿ ಎಂದು ಎರಡು ದಿನ ಕಾದೆ. ಇಳಿಯಲಿಲ್ಲ.

ಮೊದಲನೆಯದು, ರಿಪೇರಿಗೆ ಬಂದ ಟ್ಯಾಬಿನಲ್ಲಿ ಮಗುವಿನ ಉತ್ತರಗಳನ್ನು ತೆರೆದು ಓದಲು ನಿನಗೆ ಹೇಳಿದವರು ಯಾರು? ಎರಡನೆಯದು, ಒಂಬತ್ತು ಒತ್ತಲು ಆಗದಿದ್ದರೆ ಮಗು ಕೈ ಎತ್ತಿ ಹೇಳಬಾರದೇ? ಐದು ವಾರ ಬಾಯಿ ಮುಚ್ಚಿಕೊಂಡು ಕೂರುತ್ತದೆಯೇ? ನನಗೆ ಅನ್ನಿಸುವುದು ಇಷ್ಟು: ಚಾರ್ಜಿಂಗ್ ತೂತು ಮುರಿದ ದಿನವೇ ಬೀಳಿಸಿದ್ದಾಳೆ, ಪರದೆಯೂ ಆಗಲೇ ಕೆಟ್ಟಿದೆ. ಬೀಳಿಸಿದವರಿಗೆ ಆ ಅವಧಿ ಪೂರ್ತಿ ಟ್ಯಾಬ್ ಇಲ್ಲ ಎಂಬ ನಿಯಮಕ್ಕೆ ಎಲ್ಲರ ಅಪ್ಪ ಅಮ್ಮನೂ ಸಹಿ ಹಾಕಿದ್ದಾರೆ. ನಾನು ಮಾಡಿದ ನಿಯಮವಲ್ಲ, ನಡೆಸುವುದು ಮಾತ್ರ ನಾನು.

ಮೂರನೆಯದು, ಹಿಂದಿನ ಕೋಣೆಗೆ ಹೋಗುವವರ ಪಟ್ಟಿ ಆಗಿಹೋಗಿದೆ. ಜುಲೈ ಇಪ್ಪತ್ತೊಂಬತ್ತರಂದು ಸಹಿ ಹಾಕಿದೆ. ಎಂಟು ಹೆಸರು, ಅವಳದು ನಾಲ್ಕನೆಯದು. ಆಗಸ್ಟ್ ಹದಿನೆಂಟಕ್ಕೆ ದೊಡ್ಡ ಮೇಡಂ ಅದನ್ನು ಮೇಲಿನ ಕಚೇರಿಗೆ ಕಳಿಸುತ್ತಾರೆ. ಆಮೇಲೆ ಯಾರೂ ಏನೂ ಮಾಡುವ ಹಾಗಿಲ್ಲ. ಅಂಗಡಿಯಲ್ಲಿ ಕೂತು ನನ್ನ ತಂಗಿ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದಳು ಎಂದು ನಾನು ಅವರ ಮುಂದೆ ಹೋಗಿ ನಿಲ್ಲಲೇ?

ನಿನ್ನ ಕಥೆ ನನಗೆ ಗೊತ್ತಿಲ್ಲವೇ. ಮಾಡದ ಪ್ರಯೋಗವನ್ನು ಮಾಡಿದ ಹಾಗೆ ಪುಸ್ತಕದಲ್ಲಿ ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ಮೂವತ್ತೈದು ಜನ ಬರೆದರು, ನೀನು ಬರೆಯಲಿಲ್ಲ. "ಬರೀದಿದ್ರೆ ಹೊರಗೆ ಹೋಗು" ಎಂದರು. ನೀನು ಹೋದೆ, ತಿರುಗಿ ಬರಲೇ ಇಲ್ಲ. ಆ ವರ್ಷ ನಾನು ಹೊಲಿಗೆ ಕೆಲಸ ಮಾಡಿ ನಿನ್ನನ್ನು ಓದಿಸುತ್ತಿದ್ದೆ. ಅಂದಿನಿಂದ ನಿನಗೆ ಎಲ್ಲ ಶಾಲೆಯೂ ಆ ಶಾಲೆಯೇ, ಎಲ್ಲ ಮಗುವೂ ನೀನೇ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ನನಗೂ ಒಂದು ಕೆಲಸವಿದೆ. ಅದನ್ನು ಉಳಿಸಿಕೊಳ್ಳಲು ಬಿಡು.

ಅಕ್ಕ


ಆಗಸ್ಟ್ ೫

ಅಕ್ಕಾ,

ಮುಂದಿನ ಪೆಟ್ಟಿಗೆ ಹೋಗುವುದು ಹನ್ನೆರಡಕ್ಕೆ. ಅಷ್ಟು ದಿನ ಕಾಯಲು ಆಗದೆ ಇದನ್ನು ಕಂಡಕ್ಟರ್ ಕೈಗೇ ಕೊಡುತ್ತಿದ್ದೇನೆ.

ನೀನು ಬೈದದ್ದರಲ್ಲಿ ಮುಕ್ಕಾಲು ನಿಜ. ಹೊಲಿಗೆಯ ಮಾತು ಪೂರ್ತಿ ನಿಜ. ಆದರೆ ಆ ಹುಡುಗಿ ಟ್ಯಾಬ್ ಬೀಳಿಸಿಲ್ಲ.

ಹೇಗೆ ಗೊತ್ತೆಂದರೆ, ಆ ಪ್ಯಾನಲ್ ಹಾಕಿದವಳು ನಾನು.

ಹಿಂದಿನ ಕಾಗದದಲ್ಲಿ "ಪ್ಯಾನಲ್ ಕೆಟ್ಟಿದೆ" ಎಂದು ಬರೆದೆನಲ್ಲ, ಅದು ಸುಳ್ಳಲ್ಲ. ಆದರೆ ಸುಳ್ಳಿನ ಅಕ್ಕನ ಮಗಳು. ಬರೆಯುವಾಗಲೇ ನನಗೆ ಗೊತ್ತಿತ್ತು. ನಮ್ಮಲ್ಲಿ ರಿಪೇರಿ ಮಾಡಿದವರು ಹಿಂದಿನ ಮುಚ್ಚಳದ ಒಳಗೆ ತಮ್ಮ ಗುರುತು ಹಾಕುತ್ತಾರೆ. ನನ್ನದು ಒಂದು ಸಣ್ಣ ಗೀಟು, ತುದಿಯಲ್ಲಿ ಸೊನ್ನೆ, ಅಂದರೆ ಸೂಜಿ. ೨೩ನ್ನು ಬಿಚ್ಚಿದ ಕೂಡಲೇ ಅದು ನನ್ನನ್ನೇ ನೋಡುತ್ತಿತ್ತು, ಮಾರ್ಚ್ ಹತ್ತೊಂಬತ್ತು ಎಂಬ ತಾರೀಕಿನ ಜೊತೆ. ಹದಿನೈದು ದಿನ ನಿನಗೆ ಹೇಳಲಿಲ್ಲ. ಹೆದರಿದೆ. ಮೂವತ್ತೈದು ಜನ ಬರೆದಾಗ ಬರೆಯದವಳು ಎಂದು ಮೂರು ವರ್ಷ ಮೀಸೆ ತಿರುವಿದ್ದೇನಲ್ಲ, ಇಲ್ಲದ ಮೀಸೆ! ನನ್ನದೇ ತಪ್ಪು ಎದುರಿಗೆ ಬಂದಾಗ ನಾನೂ ಆ ಮೂವತ್ತೈದರಲ್ಲಿ ಒಬ್ಬಳಾದೆ.

ತಪ್ಪು ಆದದ್ದು ಹೀಗೆ. ಹಳೆಯ ಟ್ಯಾಬ್‌ನಿಂದ ಬಿಚ್ಚಿದ ಪ್ಯಾನಲನ್ನು ಇನ್ನೊಂದಕ್ಕೆ ಹಾಕಿದ ಮೇಲೆ ನಮ್ಮ ಅಂಗಡಿಯಲ್ಲಿ ಒಂದೇ ಪರೀಕ್ಷೆ. ಚಿತ್ರ ಬಿಡಿಸುವ ಹಾಳೆ ತೆರೆದು, ಬೆರಳಿನಿಂದ ಮೂಲೆಯಿಂದ ಮೂಲೆಗೆ ದೊಡ್ಡ ಗುಣಾಕಾರದ ಗುರುತು ಎಳೆಯುವುದು. "ಗೀಟು ಕಡಿದಿಲ್ವಾ? ಪಾಸು, ಪ್ಯಾಕ್ ಮಾಡು." ಚಿಕ್ಕಪ್ಪ ಕಲಿಸಿದ್ದು ಅದು, ಅವರಿಗೆ ಅವರ ಗುರು ಕಲಿಸಿದ್ದು. ಎರಡು ಗೀಟಿನ ನಡುವೆ ಏನಿದೆ ಎಂದು ಯಾರೂ ನೋಡುವುದಿಲ್ಲ. ಆ ಹುಡುಗಿಯ ಒಂಬತ್ತು ಇದ್ದದ್ದು ಎರಡು ಗೀಟಿನ ನಡುವೆ.

ನಿನ್ನೆ ಚಿಕ್ಕಪ್ಪನಿಗೆ ಹೇಳಿದೆ.

"ನೋಡಮ್ಮಾ, ಕಾರ್ಡಲ್ಲಿ ತೇವಾಂಶ ಅಂತ ಬರಿ, ಹೊಸ ಪ್ಯಾನಲ್ ಹಾಕು, ಕಳಿಸು. ಮಗು ಕೈಗೆ ಒಳ್ಳೆ ಟ್ಯಾಬ್ ಸಿಗುತ್ತೆ. ಮುಗೀತಲ್ಲ?"

"ಮುಗಿಯಲ್ಲ ಚಿಕ್ಕಪ್ಪ. ಅವಳ ಹೆಸರು ಪಟ್ಟಿಯಲ್ಲಿದೆ."

"ಪಟ್ಟಿ ನಾನು ಮಾಡಿದ್ನಾ?"

"ಟ್ಯಾಬ್ ನಾವು ಮಾಡಿದ್ವಿ."

"ಮೂರು ಶಾಲೆ ಕೆಲಸ ನಮ್ಮ ಕೈಲಿದೆ. ನಮ್ಮ ತಪ್ಪು ಅಂತ ನಾವೇ ಬರೆದುಕೊಟ್ರೆ ಮೂರೂ ಹೋಗುತ್ತೆ. ನೀನು ಹೋಗ್ತೀಯಾ, ನಾನೂ ಹೋಗ್ತೀನಿ. ಸೀಲು ಹಾಕಲ್ಲ, ಹೋಗು."

ಆದ್ದರಿಂದ ಸೀಲು ಇಲ್ಲದ ಕಾರ್ಡ್ ಇದರ ಜೊತೆ ಇದೆ. ಕಾರಣ: "ಈ ಅಂಗಡಿಯಲ್ಲಿ ಮಾರ್ಚ್ ೧೯ರಂದು ಹಾಕಿದ ಪ್ಯಾನಲ್ ದೋಷ. ಅಂದಿನಿಂದ ಒಂಬತ್ತು ಎಂಬ ಅಂಕಿ ಕೆಲಸ ಮಾಡಿಲ್ಲ. ಬಳಸಿದವರ ತಪ್ಪಲ್ಲ." ಕೆಳಗೆ ನನ್ನ ಸಹಿ. ಸಹಿ ಕೋಳಿ ಕೆದರಿದ ಹಾಗಿದೆ, ಓದಲು ಬರುತ್ತದೆ.

ನನ್ನನ್ನು ನಂಬಬೇಡ. ಅವಳಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ನೋಡು. ಮತ್ತೆ ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ಬಾಯಲ್ಲಿ ಕೇಳಿದಾಗ ಪಕ್ಕದವರನ್ನು ಕೇಳಿ ಹೇಳುತ್ತಾಳೆ ಎಂದೆಯಲ್ಲ, ಅವಳ ಪಕ್ಕ ಕೂರುವವರು ಯಾರು?

ಸೂಜಿ


ಆಗಸ್ಟ್ ೧೨

ಅಕ್ಕಾ,

ನಿನ್ನಿಂದ ಉತ್ತರ ಇಲ್ಲ. ಹದಿನೆಂಟಕ್ಕೆ ಆರು ದಿನ.

ಕಾರ್ಡಿಗೆ ಸೀಲು ಬಿದ್ದಿದೆ, ಇದರ ಜೊತೆ ಇಟ್ಟಿದ್ದೇನೆ. ಒಂದು ವಾರ ದಿನಾ ಬೆಳಿಗ್ಗೆ ಹೊಸ ಕಾರ್ಡ್ ಬರೆದು ಚಿಕ್ಕಪ್ಪನ ಮೇಜಿನ ಮೇಲೆ ಇಡುತ್ತಿದ್ದೆ, ಅವರು ದಿನಾ ಬುಟ್ಟಿಗೆ ಹಾಕುತ್ತಿದ್ದರು. ಇವತ್ತು ಬುಟ್ಟಿಗೆ ಹಾಕಲಿಲ್ಲ. ೨೩ನ್ನು ಕೈಗೆ ತೆಗೆದುಕೊಂಡು ಒಂಬತ್ತನ್ನು ಒತ್ತಿ ನೋಡಿದರು. ಮತ್ತೆ ಒತ್ತಿದರು. ಹತ್ತು ಹನ್ನೆರಡು ಸಲ ಒತ್ತಿರಬೇಕು. "ಗುಣಾಕಾರ ಕಲಿಸಿದ್ದು ನಾನೇ ಅಲ್ವಾ" ಎಂದರು. ಆಮೇಲೆ ಸೀಲನ್ನು ಎಷ್ಟು ಜೋರಾಗಿ ಕುಕ್ಕಿದರೆಂದರೆ ಮೇಜಿನ ಮೇಲಿದ್ದ ಸ್ಕ್ರೂಗಳೆಲ್ಲ ನೆಲಕ್ಕೆ ಬಿದ್ದವು. "ಹೆಕ್ಕು" ಎಂದು ಎದ್ದು ಹೋದರು. ಹೆಕ್ಕಿದೆ.

ಸೂಜಿ


ಆಗಸ್ಟ್ ೧೭

ಸೂಜಿ,

ನಿನ್ನ ಐದನೇ ತಾರೀಕಿನ ಕಾಗದ ಆರಕ್ಕೇ ಸಿಕ್ಕಿತು. "ಆ ಪ್ಯಾನಲ್ ಹಾಕಿದವಳು ನಾನು" ಎಂಬಲ್ಲಿಗೆ ಮಡಚಿ, ಹಾಜರಿ ಪುಸ್ತಕದೊಳಗೆ ಇಟ್ಟುಬಿಟ್ಟೆ. ಮುಂದೆ ಓದಿದರೆ ನಾನೂ ಏನಾದರೂ ಮಾಡಬೇಕಾಗುತ್ತದೆ ಎಂದು ಗೊತ್ತಿತ್ತು. ಎರಡು ದಿನ ಹೆಸರು ಕೂಗುವಾಗಲೆಲ್ಲ ಅದು ಕೈಗೆ ತಗಲುತ್ತಿತ್ತು.

ಮೂರನೆಯ ದಿನ ಪೂರ್ತಿ ಓದಿದೆ. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ: ಯಾರೂ ಇಲ್ಲ. ಅವಳ ಪಕ್ಕ ಯಾರೂ ಕೂರುವುದಿಲ್ಲ, ಕಿಟಕಿ ಇದೆ ಅಷ್ಟೆ. ಎರಡು ತಿಂಗಳಿಂದ ದಿನಾ ನೋಡುತ್ತಿದ್ದೇನೆ. ಅವಳು ಬಾಯಲ್ಲಿ ಸರಿ ಹೇಳಿದಾಗಲೆಲ್ಲ, ಇಲ್ಲದ ಒಬ್ಬರನ್ನು ಅವಳ ಪಕ್ಕ ನಾನೇ ಕೂರಿಸಿದೆ. ಟ್ಯಾಬ್ ಹೇಳಿದ್ದಕ್ಕೆ ನನ್ನ ಕಣ್ಣು ಕಂಡದ್ದನ್ನು ಹೊಂದಿಸಿಕೊಂಡೆ.

ಅವಳಿಗೆ ಹಾಳೆ ಕೊಟ್ಟೆ. ನಾಲ್ಕನೇ ತರಗತಿಯ ನಲವತ್ತು ಲೆಕ್ಕ. ಮೂವತ್ತಾರು ಸರಿ. ಒಂಬತ್ತುಗಳನ್ನು ಎಷ್ಟು ದೊಡ್ಡದಾಗಿ ಬರೆದಿದ್ದಾಳೆಂದರೆ ಪಕ್ಕದ ಲೆಕ್ಕಕ್ಕೆ ಜಾಗ ಉಳಿದಿಲ್ಲ.

"ಒಂಬತ್ತು ಒತ್ತೋಕಾಗಲ್ಲ ಅಂತ ನಂಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನಾನೇ ಕೆಡಿಸಿದ್ದು ಅಂತ ಟ್ಯಾಬ್ ತಗೊಂಡ್ಬಿಡ್ತಿದ್ರಿ ಮಿಸ್. ಅಪ್ಪ ಸಹಿ ಹಾಕಿದ್ದಾರೆ."

"ಅದಕ್ಕೆ ಎಂಟು ಒತ್ತಿದ್ಯಾ?"

"ಎಂಟು ಪಕ್ಕದಲ್ಲೇ ಇದೆಯಲ್ಲ ಮಿಸ್. ನೀವು ನೋಡಿದ್ರೆ ಗೊತ್ತಾಗುತ್ತೆ ಅಂದ್ಕೊಂಡೆ."

ನೀವು ನೋಡಿದ್ರೆ. ಸೂಜಿ, ಅವಳ ಒಂದು ಉತ್ತರವನ್ನೂ ನಾನು ನೋಡಿರಲಿಲ್ಲ. ಅಂಕ ನೋಡಿದ್ದೆ, ಅಂಕಕ್ಕೆ ಟ್ಯಾಬ್ ಹಚ್ಚುವ ಬಣ್ಣ ನೋಡಿದ್ದೆ. ಹಸಿರು, ಹಳದಿ, ಕೆಂಪು. ಅವಳು ಐದು ವಾರ ನನಗೆ ಕಾಗದ ಬರೆಯುತ್ತಿದ್ದಳು, ನಾನು ಲಕೋಟೆಯನ್ನೇ ತೆರೆಯಲಿಲ್ಲ.

ದೊಡ್ಡ ಮೇಡಂ ಬಳಿ ಹೋದೆ. ಸೀಲಿಲ್ಲದ ಕಾರ್ಡ್ ನೋಡಿ, "ಇದು ಯಾರೋ ಹುಡುಗಿ ಬರೆದ ಚೀಟಿ" ಎಂದು ಪಕ್ಕಕ್ಕಿಟ್ಟರು. ಆ ಹುಡುಗಿ ನನ್ನ ತಂಗಿಯೇ ಎಂದು ಹೇಳುವ ಧೈರ್ಯ ಅವತ್ತು ನನಗೆ ಇರಲಿಲ್ಲ. ಹದಿಮೂರಕ್ಕೆ ಸೀಲು ಬಿದ್ದ ಕಾರ್ಡ್ ಬಂತು. ಮತ್ತೆ ಹೋದೆ, ಬರೆದವಳು ನನ್ನ ತಂಗಿ ಎಂದೂ ಹೇಳಿದೆ.

"ಒಂದು ಹೆಸರು ತೆಗೆದ್ರೆ ಉಳಿದ ಏಳು ಮನೆಯವರೂ ಬಾಗಿಲಿಗೆ ಬರ್ತಾರೆ. ಆಗೇನು ಮಾಡ್ತೀರಿ?"

"ಬರಲಿ ಮೇಡಂ. ಏಳು ಮಕ್ಕಳಿಗೂ ಹಾಳೆ ಕೊಡ್ತೀನಿ."

"ಪಟ್ಟಿಗೆ ಸಹಿ ಹಾಕಿದ್ದು ನೀವೇ. ಈಗ ತಪ್ಪು ಅಂತ ಬರೆದುಕೊಡೋದೂ ನೀವೇ. ಅರ್ಧ ವರ್ಷದ ಪರೀಕ್ಷೆಯಲ್ಲಿ ಆ ಹುಡುಗಿ ಫೇಲಾದ್ರೆ ನಿಮ್ಮ ಖಾಯಮಾತಿಗೆ ನಾನು ಒಂದು ಮಾತೂ ಬರೆಯಲ್ಲ. ಗೊತ್ತಲ್ಲ?"

"ಗೊತ್ತು."

ಏಳು ಮಕ್ಕಳಿಗೂ ಹಾಳೆ ಕೊಟ್ಟೆ. ಅವರ ವಿಷಯದಲ್ಲಿ ಟ್ಯಾಬ್ ಹೇಳಿದ್ದು ಸರಿಯಾಗಿತ್ತು. ಇದನ್ನೂ ನಿನಗೆ ಹೇಳಬೇಕು, ನ್ಯಾಯ ಅಂದರೆ ನ್ಯಾಯ. ಅವರಿಗೆ ಕಲಿಸುವುದು ಬೇರೆಯೇ ಕೆಲಸ, ಅದನ್ನು ಹಿಂದಿನ ಕೋಣೆಗೆ ಬಿಡದೆ ಹೇಗೆ ಮಾಡುವುದು ಎಂದು ಇನ್ನೂ ಗೊತ್ತಾಗಿಲ್ಲ.

ಇವತ್ತು ಬೆಳಿಗ್ಗೆ ಪಟ್ಟಿಯ ನಾಲ್ಕನೇ ಹೆಸರಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕಿದೆ. ಅಪ್ಪ ಅಮ್ಮನ ಸಹಿಯ ಆ ನಿಯಮದ ಹಾಳೆಯನ್ನೂ ಮೇಡಂ ಮುಂದೆ ಇಟ್ಟು ಬಂದಿದ್ದೇನೆ. ಕೆಟ್ಟಿದೆ ಎಂದು ಹೇಳಿದ ಮಗುವಿನ ಕೈಯಿಂದ ಟ್ಯಾಬ್ ಕಿತ್ತುಕೊಂಡರೆ ಇನ್ನು ಯಾರೂ ನಮಗೆ ಏನೂ ಹೇಳುವುದಿಲ್ಲ ಎಂದೆ. ಯೋಚಿಸುತ್ತೇನೆ ಎಂದಿದ್ದಾರೆ. ಮೇಡಂ ಯೋಚಿಸುತ್ತೇನೆ ಎಂದದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಅಂದು ನಿನ್ನನ್ನು ಹೊರಗೆ ಹೋಗು ಎಂದಾಗ ನಾನು ಶಾಲೆಗೆ ಬಂದು ಮೇಷ್ಟ್ರ ಬಳಿ ಕ್ಷಮೆ ಕೇಳಿದ್ದೆ, ನಿನ್ನ ಪರವಾಗಿ. ನಿನಗೆ ಹೇಳಿರಲಿಲ್ಲ. ಕೇಳಬಾರದಿತ್ತು.

ಅಕ್ಕ


ಸೆಪ್ಟೆಂಬರ್ ೩

ಅಕ್ಕಾ,

ನೀನು ಕ್ಷಮೆ ಕೇಳಿದ್ದು ನನಗೆ ಅವತ್ತೇ ಗೊತ್ತಾಗಿತ್ತು. ಮೇಷ್ಟ್ರ ಮಗಳು ನನ್ನ ಜೊತೆ ಓದುತ್ತಿದ್ದಳು, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದಾ? ಅದಕ್ಕೇ ನಿನ್ನ ಜೊತೆ ಆರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ನೀನು ಅದನ್ನು ಕೊಬ್ಬು ಎಂದುಕೊಂಡೆ. ಈಗ ಲೆಕ್ಕ ಚುಕ್ತಾ.

ಮೇಲಿನ ಕಚೇರಿಯಿಂದ ಒಬ್ಬರು ಅಂಗಡಿಗೆ ಬಂದಿದ್ದರು. ಸಣ್ಣ ಮೀಸೆ, ದೊಡ್ಡ ಚೀಲ. ಚಿಕ್ಕಪ್ಪನನ್ನು ಎರಡು ಗಂಟೆ ಕೂರಿಸಿಕೊಂಡರು. ಮೂರು ಶಾಲೆಗಳಲ್ಲಿ ಒಂದು ಶಾಲೆಯ ಕೆಲಸ ಕೈತಪ್ಪಿತು. ನಿನ್ನ ಶಾಲೆಯದು ಉಳಿದಿದೆ, ಇನ್ನೊಂದೂ ಉಳಿದಿದೆ. ಆದರೆ ಮೂರೂ ಶಾಲೆಗಳ ಎಲ್ಲ ಟ್ಯಾಬ್‌ಗಳನ್ನೂ ನಾವು ಮತ್ತೆ ಪರೀಕ್ಷೆ ಮಾಡಿ ಕೊಡಬೇಕು. ಚಿಕ್ಕಪ್ಪ ನನ್ನನ್ನು ರಿಪೇರಿ ಮೇಜಿನಿಂದ ಎಬ್ಬಿಸಿದರು. "ಶುರು ಮಾಡಿದವಳು ನೀನು, ಮುಗಿಸೋಳೂ ನೀನೇ" ಎಂದು ಮೂಲೆಯಲ್ಲಿ ಒಂದು ಸ್ಟೂಲ್ ಕೊಟ್ಟಿದ್ದಾರೆ. ಶಿಕ್ಷೆಯೋ ಬಡ್ತಿಯೋ ಕೇಳಲಿಲ್ಲ. ನೂರ ನಲವತ್ತು ಟ್ಯಾಬ್‌ಗಳು. ಒಂದೊಂದರಲ್ಲೂ ಸೊನ್ನೆಯಿಂದ ಒಂಬತ್ತರವರೆಗೆ ಒತ್ತಿ, ಅಂಚಿನಿಂದ ಅಂಚಿಗೆ ಗದ್ದೆ ಉತ್ತ ಹಾಗೆ ಸಾಲು ಸಾಲು ಬೆರಳು ಎಳೆಯುತ್ತೇನೆ. ಬೆರಳ ತುದಿ ಸವೆದು ನುಣುಪಾಗಿದೆ. ಅಮ್ಮ ನೋಡಿ "ಇನ್ನು ಕಳ್ಳತನ ಮಾಡಿದ್ರೂ ಗುರುತು ಸಿಗಲ್ಲ" ಎಂದಳು.

ಕಿಟಕಿ ಹುಡುಗಿಗೆ ೨೩ನ್ನು ವಾಪಸ್ ಕಳಿಸುತ್ತಿದ್ದೇನೆ. ಹೊಸ ಪ್ಯಾನಲ್. ಅವಳು ಬೇಡ ಎಂದರೆ ಒತ್ತಾಯ ಮಾಡಬೇಡ. ನನ್ನ ಪರವಾಗಿ ಕ್ಷಮೆ ಕೇಳಬೇಡ, ಪರೀಕ್ಷೆ ಬರೆಯಲು ಅಲ್ಲಿಗೇ ಬರಬೇಕಲ್ಲ, ಆಗ ನಾನೇ ಕೇಳುತ್ತೇನೆ. ಹೌದು, ಅರ್ಜಿ ತುಂಬಿದ್ದೇನೆ. ಕೇಂದ್ರ ಎಂಬಲ್ಲಿ ನಿನ್ನ ಊರಿನದೇ ಹಾಕಿದ್ದೇನೆ. ಖುಷಿಯಿಂದ ಕುಣಿಯಬೇಡ, ಪಾಸಾಗುತ್ತೇನೆ ಎಂದು ಎಲ್ಲೂ ಬರೆದಿಲ್ಲ.

ಇದುವರೆಗೆ ತೊಂಬತ್ತಾರು ಮುಗಿದವು. ಸತ್ತ ಜಾಗ ಇರುವ ಪ್ಯಾನಲ್ ಇನ್ನೂ ಆರು ಸಿಕ್ಕಿವೆ. ನಾಲ್ಕರ ಒಳಗೆ ನನ್ನ ಗುರುತು, ಎರಡರ ಒಳಗೆ ಚಿಕ್ಕಪ್ಪನದು. ಒಂದರಲ್ಲಿ ಮೂರು ಇಲ್ಲ, ಒಂದರಲ್ಲಿ "ಸರಿ" ಎಂಬ ಗುಂಡಿಯೇ ಇಲ್ಲ. ಆ ಮಗು ಏನು ಮಾಡಿತೋ ನನಗೆ ಗೊತ್ತಿಲ್ಲ. ಆರೂ ಬೇರೆ ಎರಡು ಶಾಲೆಗಳವು. ಆ ಮಕ್ಕಳ ಮೇಷ್ಟ್ರುಗಳಿಗೆ ರಿಪೇರಿ ಅಂಗಡಿಯಲ್ಲಿ ತಂಗಿ ಇಲ್ಲ. ಕಾರ್ಡ್ ಹೋಗುತ್ತದೆ, ಫೈಲಿಗೆ ಸೇರುತ್ತದೆ, ಅಷ್ಟೆ.

ಆದ್ದರಿಂದ ಇವತ್ತು ಆರು ಕಾಗದ ಬರೆಯಲು ಕೂತಿದ್ದೇನೆ. ಗುರುತಿಲ್ಲದವರಿಗೆ ಕಾಗದ ಬರೆದು ಅಭ್ಯಾಸವಿಲ್ಲ. ಹೇಗೆ ಶುರು ಮಾಡುವುದು ಎಂದು ತಿಳಿಯದೆ ನಾಲ್ಕು ಹಾಳೆ ಕೆಡಿಸಿದೆ. ಕೊನೆಗೆ ಹೀಗೆ ಬರೆದೆ, ಅಕ್ಷರ ಸಾಧ್ಯವಾದಷ್ಟು ದುಂಡಗೆ:

"ಮಾನ್ಯರೇ, ನಿಮ್ಮ ತರಗತಿಯಲ್ಲಿ ಹನ್ನೊಂದನೇ ನಂಬರಿನ ಟ್ಯಾಬ್ ಹಿಡಿದ ಮಗುವಿನ ಉತ್ತರಗಳನ್ನು ದಯವಿಟ್ಟು ಒಂದು ಸಲ ತೆರೆದು ನೋಡಿ. ಅದರಲ್ಲಿರುವ ತಪ್ಪುಗಳೆಲ್ಲ ಮಗುವಿನವಲ್ಲ. ಕೆಲವು ನನ್ನವು."

ಸೂಜಿ